ಬೆನ್ನ ಮೇಲಿನ ಕೆಂಪು ಪಟ್ಟಿ

ಶಾಲೆಯ ಬಸ್ಸಿನ ನೌಕರಿ ದೊಡ್ಡ ಮಗನಿಗೆ ತಪ್ಪಿ ಸಣ್ಣ ಮಗನಿಗೆ ಸಿಕ್ಕ ದಿನ ಹುಸೇನಪೀರನ ಮನೆಯಲ್ಲಿ ಶಿರಾ ಮಾಡಿದರು. ಮಾಡಿದವಳು ಸಣ್ಣ ಸೊಸೆ ರೂಬಿ. ತುಪ್ಪದ ವಾಸನೆ ಇಳಕಲ್ಲಿನ ಆ ಓಣಿಯ ತುದಿಯವರೆಗೂ ಹೋಯಿತು. ದೊಡ್ಡ ಸೊಸೆ ನಜಮಾ ಪಡಸಾಲೆಯಲ್ಲಿ ಹೊಲಿಗೆ ಮಷೀನಿನ ಮುಂದೆ ಕೂತು ಯಾರದೋ ಸೀರೆಗೆ ಫಾಲ್ ಹಚ್ಚುತ್ತಿದ್ದಳು. ಅವಳಿಗಿನ್ನೂ ಸುದ್ದಿ ಮುಟ್ಟಿರಲಿಲ್ಲ. ಶಿರಾ ತನ್ನ ಗಂಡನ ನೌಕರಿಗೇ ಮಾಡುತ್ತಿದ್ದಾರೆ ಎಂದುಕೊಂಡು, ಪಾಪ, ಮಷೀನು ತುಳಿಯುತ್ತ ಒಳಗೊಳಗೇ ಖುಷಿಪಡುತ್ತಿದ್ದಳು.

ಅರ್ಷದ ಹಿತ್ತಲಿನಲ್ಲಿ ಕೈಕಾಲು ತೊಳೆದು ಬಂದು ತಟ್ಟೆಯ ಮುಂದೆ ಕೂತ. ಮುಖದಲ್ಲಿ ಕಳೆಯಿರಲಿಲ್ಲ.

"ಏನಾತ್ರಿ?" ಅಂದಳು ನಜಮಾ.

"ಆಸಿಫಗ ಆತು."

"ಆಸಿಫಗ? ಕರದದ್ದು ನಿಮಗಲ್ಲೇನ್ರಿ? ಅವ ಸುಮ್ನ ಜೋಡಿಗೆ ಬಂದಾವ!"

ಅರ್ಷದ ರೊಟ್ಟಿ ಮುರಿದ. ಉತ್ತರ ಕೊಟ್ಟವನು ಮಾವ ಹುಸೇನಪೀರ. "ನಿಂಗಣ್ಣ ಕೇಳಿದ, ಹುಸೇನಪೀರಣ್ಣಾ, ಹುಡುಗನ ಮ್ಯಾಲೆ ದಂಡ, ಕೇಸು ಏನರ ಅದಾವೇನು ಅಂತ. ಒಂದು ಸ್ಪೀಡಿಂದು ಐತಿ ಅಂತ ಹೇಳಿದೆ."

"ನೀವs ಹೇಳಿದ್ರ್ಯಾ ಮಾಮಾ?"

"ಮೂವತ್ತೆಂಟು ವರ್ಷ ಪ್ಯಾಸೆಂಜರ್ ಗಾಡಿ ಹೊಡದೇನಿ. ನನ್ನ ಮ್ಯಾಲೆ ಒಂದು ಕೇಸಿಲ್ಲ. ಈಗ ಸುಳ್ಳು ಹೇಳಿ ಮಕ್ಕಳ ಬಸ್ಸಿಗೆ ಮಗನ್ನ ಹತ್ತಸಲೇನವಾ?"

ಮುದುಕನ ಮಾತಿನಲ್ಲಿ ಸುಳ್ಳಿರಲಿಲ್ಲ. ಹುಸೇನಪೀರ ಅಂದರೆ ಇಳಕಲ್ಲಿನಿಂದ ಬಾಗಲಕೋಟೆಯವರೆಗೆ ಹೆಸರು. ಅವನು ಟೆಂಪೋ ಹೊಡೆಯುತ್ತಿದ್ದ ಕಾಲದಲ್ಲಿ ಬಾಣಂತಿಯರನ್ನು ಕಳಿಸುವವರು ಅವನ ಗಾಡಿಗೇ ಕಾಯುತ್ತಿದ್ದರು. ಪ್ರಯಾಣಿಕರ ಗಾಡಿ ನಡೆಸುವವರಿಗೆ ಸರಕಾರ ಕೊಡುತ್ತಿದ್ದ ಹಿತ್ತಾಳೆಯ ಬಿಲ್ಲೆ ಇವತ್ತಿಗೂ ಪಡಸಾಲೆಯ ಮೊಳೆಗೆ ತೂಗುತ್ತಿತ್ತು. ಪ್ರತಿ ಶುಕ್ರವಾರ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ. ಅವನದೊಂದು ಕಟ್ಟಳೆಯೂ ಇತ್ತು: ಮನೆಯಲ್ಲಿ ಯಾರಿಗೆ ದಂಡದ ಚೀಟಿ ಬಂದರೂ ಅದೇ ದಿನ ಕಟ್ಟಬೇಕು, ಚೌಕಾಶಿ ಇಲ್ಲ, ತಕರಾರಿಲ್ಲ.

ಆ ಕಟ್ಟಳೆಯೇ ಮನೆಯನ್ನು ಹಾಳು ಮಾಡಿತು.

ನಿಂಗಣ್ಣ ಹುನಗುಂದದ ಆ ಶಾಲೆಯಲ್ಲಿ ಬಸ್ಸುಗಳನ್ನು ನೋಡಿಕೊಳ್ಳುವವನು, ಹುಸೇನಪೀರನ ಹಳೆಯ ಗೆಳೆಯ. ಮಕ್ಕಳ ಬಸ್ಸಿನ ನಿಯಮವನ್ನು ಅವನು ಗೋಡೆಗೇ ಅಂಟಿಸಿದ್ದ. ದೊಡ್ಡ ಗಾಡಿ ಐದು ವರ್ಷ ಹೊಡೆದಿರಬೇಕು. ಸಣ್ಣಪುಟ್ಟ ದಂಡವಾದರೆ ವರ್ಷಕ್ಕೆ ಎರಡರವರೆಗೆ ಮಾಫಿ. ಕುಡಿದು ಹೊಡೆದದ್ದು, ಮಿತಿಮೀರಿದ ವೇಗ, ಇವು ಒಂದೇ ಒಂದು ಇದ್ದರೂ ಬಾಗಿಲು ಬಂದ್. ಆಸಿಫ ಆರು ವರ್ಷ ಲಾರಿ ಹೊಡೆದವನು, ಅರ್ಷದ ಹದಿನೈದು. ನಿಂಗಣ್ಣನ ಮಾತು ನಂಬಿ, ತಿಂಗಳುಗಟ್ಟಲೆ ಮನೆ ಬಿಟ್ಟಿರುವುದು ಸಾಕೆಂದು ಹೋದ ವಾರವಷ್ಟೇ ಲಾರಿ ಮಾಲೀಕನಿಗೆ ಕೀಲಿ ಕೊಟ್ಟು ಬಂದಿದ್ದ. ಈಗ ಅದೂ ಇಲ್ಲ, ಇದೂ ಇಲ್ಲ.

"ಆ ದಂಡ ನನಗ ನೆನಪs ಇಲ್ಲ," ಅಂದ ಅರ್ಷದ, ತಟ್ಟೆ ನೋಡುತ್ತ. "ನನ್ನ ಮೋಟಾರಸೈಕಲ್ಲು ಅಷ್ಟು ಓಡಿದ್ದs ನಾ ಕಂಡಿಲ್ಲ."

"ಇರ್ತದ ಭಾಯಿ. ಹೈವೇದಾಗ ಗೊತ್ತಾಗಂಗಿಲ್ಲ," ಅಂದ ಆಸಿಫ. ಅಂದವನು ನೀರು ಕುಡಿಯಲು ಎದ್ದು ಹೋದ.

ರೂಬಿ ಶಿರಾದ ಬಟ್ಟಲು ನಜಮಾಳ ಮುಂದಿಟ್ಟಳು. "ತಗೋರಿ ಭಾಬಿ. ಯಾರಿಗಾದ್ರೇನು, ಮನಿಗೇ ಬಂತಲ್ಲ."

"ಖರೆ," ಅಂದಳು ನಜಮಾ. ಬಟ್ಟಲನ್ನು ಮುಟ್ಟಲಿಲ್ಲ. ಶಿರಾ ಅಲ್ಲೇ ಆರಿ ಗಟ್ಟಿಯಾಯಿತು.

ನೀರಿನ ನೆಪ ಮಾಡಿ ಎದ್ದ ಆ ಮೈದುನ ಅವಳ ಕಣ್ಣಿಂದ ಹೋಗಲಿಲ್ಲ. ಎರಡು ದಿನ ಬಿಟ್ಟು, ಸೀರೆ ಕೊಟ್ಟು ಬರುತ್ತೇನೆಂದು ಹೇಳಿ ಮೋಟಾರಸೈಕಲ್ಲಿನ ಕಾಗದ ಚೀಲದಲ್ಲಿ ಹಾಕಿಕೊಂಡು ಬಜಾರಿಗೆ ಹೋದಳು. ಅಲ್ಲಿ ಪ್ರಿಯದರ್ಶಿನಿಯ ಆನ್‌ಲೈನ್ ಅಂಗಡಿ. ಆಧಾರ್, ಪಹಣಿ, ಲೈಟ್ ಬಿಲ್, ಎಲ್ಲ ಅಲ್ಲೇ.

ಪ್ರಿಯದರ್ಶಿನಿ ಗಾಡಿ ನಂಬರು ಒತ್ತಿದಳು. "ಇಲ್ಲೇ ಐತಿ ನೋಡ್ರಿ ಅಕ್ಕಾರ. ಆಗಸ್ಟ್ ಇಪ್ಪತ್ತೆರಡು, ಶುಕ್ರವಾರ, ಸಂಜಿ ಐದೂ ನಲವತ್ತು. ತೊಂಬತ್ತನಾಕು ಸ್ಪೀಡು. ದಂಡ ಕಟ್ಟೇರಿ. ಕ್ಯಾಮರಾದ ಫೋಟೋನೂ ಐತಿ."

"ಆಗಸ್ಟ್ ಇಪ್ಪತ್ತೆರಡಾ? ಅವತ್ತ ನಮ್ಮನಿಯವ್ರು ಸೋಲಾಪುರದಾಗ ಲಾರಿ ಖಾಲಿ ಮಾಡ್ತಿದ್ರು!"

ಫೋಟೋ ತೆರೆಯಿತು. ಹಿಂದಿನಿಂದ ತೆಗೆದದ್ದು. ನಂಬರ್ ಪ್ಲೇಟು, ಹೆಲ್ಮೆಟ್ ಹಾಕಿದ ಗಂಡಸಿನ ಹೆಗಲು, ಹಿಂದೆ ಬುರ್ಖಾ ಹಾಕಿದ ಹೆಂಗಸು. ಬುರ್ಖಾದ ಬೆನ್ನ ಮೇಲೆ ಕುತ್ತಿಗೆಯಿಂದ ಸೊಂಟದವರೆಗೆ ಒಂದು ಕೆಂಪು ಪಟ್ಟಿ.

ನಜಮಾ ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದಳು. ಆ ಪಟ್ಟಿ ಅವಳದೇ ಕೈಯ ಹೊಲಿಗೆ. ರಮಜಾನ್‌ಗೆ ರೂಬಿಯ ಬುರ್ಖಾ ಹೊಲಿಯುವಾಗ ಬೆನ್ನಿಗೆ ಬಟ್ಟೆ ಸಾಲದೆ ಜೋಡು ಹಾಕಬೇಕಾಗಿತ್ತು. ಜೋಡು ಕಾಣಬಾರದೆಂದು, ಕರಿ ಪಟ್ಟಿ ಮುಗಿದಿದ್ದರಿಂದ, ಕೆಂಪು ಹಚ್ಚಿದ್ದಳು. ಊರಲ್ಲಿ ಅಂಥದ್ದು ಇನ್ನೊಂದಿಲ್ಲ. ಆವತ್ತು ಮಾವ ನಕ್ಕು, "ಛಲೋ ಆತು ಬಿಡವಾ, ಹಿಂದಿನ ಗಾಡಿಯವ್ರಿಗೆ ದೂರದಿಂದs ಕಾಣ್ತದ," ಅಂದಿದ್ದ. ಆ ಶುಕ್ರವಾರ ಆಸಿಫ, ರೂಬಿ ಇಬ್ಬರೂ ಬಾದಾಮಿಗೆ, ರೂಬಿಯ ತವರಿಗೆ, ಬಸ್ಸಿನಲ್ಲಿ ಹೋಗಿ ಬಂದೆವೆಂದು ಹೇಳಿದ್ದರು. ಅರ್ಷದ ಬಿಟ್ಟುಹೋದ ಮೋಟಾರಸೈಕಲ್ಲು ಲಾರಿ ಸ್ಟ್ಯಾಂಡಿನಲ್ಲಿ ನಿಂತಿತ್ತು. ಎರಡನೆಯ ಕೀಲಿ ಮಾವನ ಬಿಲ್ಲೆಯ ಪಕ್ಕದ ಮೊಳೆಗೇ ಇತ್ತು.

ಮುಂದಿನದೆಲ್ಲ ತಾನಾಗಿಯೇ ಬಿಚ್ಚಿಕೊಂಡಿತು. ದಂಡದ ಮೆಸೇಜು ಇಂಗ್ಲಿಷಿನಲ್ಲಿ ಬಂದಾಗ ಅರ್ಷದ ಫೋನನ್ನು ರೂಬಿಯ ಕೈಗೆ ಕೊಟ್ಟಿದ್ದ. ರೂಬಿ ದುಡ್ಡೆಷ್ಟೆಂದು ಓದಿದಳು. ಸ್ಪೀಡೆಂದು ಓದಿದಳು. ತಾರೀಖು ಓದಲಿಲ್ಲ. "ನಾನs ಕಟ್ತೇನಿ ಭಾಯಿ, ನೀವ್ಯಾಕ ತ್ರಾಸ ತಗೋತೀರಿ," ಎಂದು ತನ್ನ ಫೋನಿನಿಂದಲೇ ಕಟ್ಟಿಬಿಟ್ಟಳು. ಮಾವ ಎಲ್ಲರ ಮುಂದೆ, "ಸೊಸಿ ಅಂದ್ರ ಹಿಂಗಿರಬೇಕು," ಅಂದಿದ್ದ. ಎಂಥ ಹುಷಾರಿ!

"ಇದನ್ನ ಖರೆ ಹೊಡದಾವನ ಹೆಸರಿಗೆ ಹಚ್ಚಾಕ ಬರ್ತದೇನವಾ?" ಅಂದಳು ನಜಮಾ.

"ಕಟ್ಟೂಕಿಂತ ಮೊದಲs ತಕರಾರು ಹಾಕಬೇಕಿತ್ತ್ರಿ ಅಕ್ಕಾರ. ಕಟ್ಟಿದ್ರ ಒಪ್ಪಿಕೊಂಡಂಗ. ಈಗ ಏನೂ ಆಗಂಗಿಲ್ಲ."

"ಹಂಗಾರ ಫೋಟೋದ್ದು ಎರಡು ಪ್ರಿಂಟ್ ಕೊಡು. ಬಣ್ಣದ್ದು ಕೊಡು."

ಆ ಸಂಜೆ ಗಂಡನಿಗೆ ತೋರಿಸಿದಳು. ಅರ್ಷದ ಆಗಲೇ ಗ್ರಾನೈಟ್ ಕ್ವಾರಿಯಲ್ಲಿ ಕಲ್ಲು ಸಾಗಿಸುವ ಟ್ರ್ಯಾಕ್ಟರಿಗೆ ದಿನಗೂಲಿಯ ಮೇಲೆ ಸೇರಿದ್ದ. ರೆಪ್ಪೆಯ ಮೇಲೆಲ್ಲ ಧೂಳು. ಪ್ರಿಂಟನ್ನು ಬಹಳ ಹೊತ್ತು ನೋಡಿದ.

"ಬಿಡು," ಅಂದ.

"ಏನ ಬಿಡ್ಲಿ?"

"ಹೆಂಗೂ ನನ್ನ ಹೆಸರು ತೊಳೆಯಂಗಿಲ್ಲ ಅಂದ್ಯಲ್ಲ. ಅವನಿಗರ ಇರ್ಲಿ. ನನ್ನ ತಮ್ಮ ಅವ."

"ನಿಮ್ಮ ತಮ್ಮ ನಿಮ್ಮ ಮಗ್ಗಲದಾಗ ನಿಂತು ನಿಮ್ಮ ಅನ್ನ ತಗೊಂಡ. ಅವತ್ತ ನಿಂಗಣ್ಣನ ಮುಂದ, 'ಅದು ನಾನು' ಅನ್ನಾಕ ಅವಗ ನಾಲಿಗಿ ಇರಲಿಲ್ಲೇನು?"

"ನಜಮಾ, ನಾ ಬಿಟ್ಟೇನಿ."

"ನಾ ಬಿಟ್ಟಿಲ್ಲ." ಪ್ರಿಂಟನ್ನು ಮಡಿಸಿ ಮಷೀನಿನ ಡ್ರಾವರಿಗೆ ಹಾಕಿ ಕೀಲಿ ಹಾಕಿದಳು. ಕೂಗಾಡುವ ಹೆಂಗಸಾಗಿದ್ದರೆ ಅಂದೇ ಕೂಗಾಡಿ ಮುಗಿಸುತ್ತಿದ್ದಳು. ನಜಮಾ ಹೊಲಿಯುವವಳು. ಅಳತೆ ತೆಗೆದುಕೊಳ್ಳದೆ ಕತ್ತರಿ ಹಾಕುವವಳಲ್ಲ.

ಹದಿನೈದು ದಿನಕ್ಕೆ ಅವಕಾಶ ತಾನಾಗಿ ಬಂತು. ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ ಕೆಲಸ ಬಿಟ್ಟಳು. ಹೆಂಗಸು ಇಲ್ಲದೆ ಮಕ್ಕಳ ಬಸ್ಸು ಹೊರಡುವ ಹಾಗಿಲ್ಲ. ಊಟಕ್ಕೆ ಕೂತಾಗ ಆಸಿಫ, "ಯಾರರ ಇದ್ರ ಹೇಳ್ರಿ," ಅಂದ.

"ನಾನs ಬರ್ತೇನಿ," ಅಂದಳು ನಜಮಾ, ಅವನ ತಟ್ಟೆಗೆ ರೊಟ್ಟಿ ಹಾಕುತ್ತ.

ಆಸಿಫನ ಕೈ ತಟ್ಟೆಯಲ್ಲೇ ನಿಂತಿತು. "ನೀವ್ಯಾಕ ಭಾಬಿ? ನಿಮ್ಮ ಹೊಲಿಗಿ ಕೆಲಸ..."

"ಹೊಲಿಗಿ ಮಧ್ಯಾಹ್ನ ಮಾಡ್ತೇನಿ. ನಿಮ್ಮ ಭಾಯಿ ಕೂಲಿ ಸಾಲವಲ್ದು."

ಹುಸೇನಪೀರ ಗಂಟಲು ಸರಿಮಾಡಿಕೊಂಡ. "ನಮ್ಮ ಮನಿ ಹೆಣ್ಣಮಕ್ಕಳು ಬಸ್ಸಿನ ಬಾಗಿಲದಾಗ ನಿಂದ್ರೂದು ನನಗ ಬರೋಬ್ಬರಿ ಕಾಣವಲ್ದು."

"ನಿಮ್ಮ ಟೆಂಪೋದ ಬಾಗಿಲದಾಗ ನಾಕೂರ ಹೆಣ್ಣಮಕ್ಕಳು ನಿಂತು ಹೋಗ್ಯಾರ," ಅಂದಳು ಅತ್ತೆ ದಸ್ತಗೀರಬಿ. "ಮೈದುನ ಹೊಡೀತಾನ, ಅತ್ತಿಗಿ ಕಾಯ್ತಾಳ. ಇದರಾಗ ತಪ್ಪೇನೈತಿ? ಹೋಗವಾ ನೀ."

ಪಾಪ, ದಸ್ತಗೀರಬಿಗೆ ಏನು ಗೊತ್ತು.

ಮರುದಿನದಿಂದ ನಜಮಾ ಹಳದಿ ಬಸ್ಸಿನಲ್ಲಿ ಆಸಿಫನ ಹಿಂದಿನ ಸೀಟಿನಲ್ಲೇ ಕೂತಳು. ಇಳಕಲ್ಲಿನಿಂದ ಹುನಗುಂದದವರೆಗೆ ಹೈವೇ. ಬಸ್ಸು ನಲವತ್ತಕ್ಕಿಂತ ಹೆಚ್ಚು ಓಡದ ಹಾಗೆ ಯಂತ್ರ ಕೂಡಿಸಿದ್ದರು. ಆದರೂ ನಜಮಾ ಕೇಳುವುದು ಬಿಡಲಿಲ್ಲ.

"ಎಷ್ಟು ಹೊಂಟೈತಿ ಆಸಿಫ?"

"ಮೂವತ್ತೆಂಟು ಭಾಬಿ."

"ಬರೋಬ್ಬರಿ. ಇದೇನು ನಿಮ್ಮ ಭಾಯಿ ಮೋಟಾರಸೈಕಲ್ ಅಲ್ಲ."

ಮೊದಲ ದಿನ ಆಸಿಫ ನಕ್ಕ. ಮೂರನೆಯ ದಿನ ನಗಲಿಲ್ಲ. ಎರಡನೆಯ ವಾರಕ್ಕೆ, ಕ್ಯಾಮರಾದ ಕಂಬ ಬಂತೆಂದರೆ ಅವನ ಕುತ್ತಿಗೆ ಬೆವರುತ್ತಿತ್ತು. "ಮಕ್ಕಳs, ಆ ಕಂಬ ನೋಡ್ರಿ," ಅನ್ನುತ್ತಿದ್ದಳು ನಜಮಾ, ಲಾಲಿ ಹಾಡುವಷ್ಟು ಮೆತ್ತಗೆ. "ಅದರಾಗ ಕಣ್ಣು ಐತಿ. ಬೆನ್ನ ಹಿಂದಿಂದ ಫೋಟೋ ತಗೀತೈತಿ." ಮಕ್ಕಳು ಕಿಟಕಿಯಿಂದ ಕೈ ಬೀಸುತ್ತಿದ್ದರು.

ಮನೆಯಲ್ಲಿಯೂ ಅಷ್ಟೇ. ಮೊದಲ ರೊಟ್ಟಿ ಆಸಿಫನಿಗೆ. ಎಣ್ಣೆಗಾಯಿಯಲ್ಲಿ ದೊಡ್ಡ ಬದನೆಕಾಯಿ ಆಸಿಫನಿಗೆ. "ಮಕ್ಕಳ ಬಸ್ಸು ಹೊಡಿಯಾವ, ಗಟ್ಟಿ ಇರಬೇಕು." ಧೂಳು ಹೊತ್ತು ಬಂದ ಅರ್ಷದನಿಗೆ ಉಳಿದದ್ದು. ಆಸಿಫ ಅರ್ಧಕ್ಕೇ ತಟ್ಟೆ ಸರಿಸಿ ಏಳುತ್ತಿದ್ದ. ಅದನ್ನು ನೋಡಿದರೆ ನಜಮಾಳ ಹೊಟ್ಟೆ ತುಂಬುತ್ತಿತ್ತು. ಸುಳ್ಳೇಕೆ ಹೇಳಬೇಕು, ಅಷ್ಟು ರುಚಿ ಆಕೆಗೆ ಯಾವ ಅಡಿಗೆಯೂ ಕೊಟ್ಟಿರಲಿಲ್ಲ.

ರೂಬಿಗೆ ವಾಸನೆ ಹತ್ತಿತು. ಒಂದು ಮುಂಜಾನೆ ನಳದ ಹತ್ತಿರ ಕೊಡ ಹಿಡಿದು ನಿಂತಾಗ ತಡೆಯಲಾರದೆ ಕೇಳಿದಳು. "ಭಾಬಿ, ನಮ್ಮ ಮ್ಯಾಲೆ ಏನರ ಸಿಟ್ಟೈತೇನು?"

"ನನಗ್ಯಾಕವಾ ಸಿಟ್ಟು? ನೀ ನಮ್ಮ ದಂಡ ಕಟ್ಟಿದಾಕಿ."

ರೂಬಿಯ ಕೊಡ ತುಂಬಿ ಹರಿಯಿತು. ಆಕೆ ನಳ ನಿಲ್ಲಿಸಲಿಲ್ಲ.

ಜನವರಿಯಲ್ಲಿ ರಸ್ತೆ ಸುರಕ್ಷತಾ ಸಪ್ತಾಹ ಬಂತು. ನಿಂಗಣ್ಣ ಶಾಲು, ಹಾರದ ವ್ಯವಸ್ಥೆ ಮಾಡಿದ. ಮೂವತ್ತೆಂಟು ವರ್ಷ ಒಂದೂ ಅಪಘಾತವಿಲ್ಲದೆ ಗಾಡಿ ನಡೆಸಿದ ಹುಸೇನಪೀರನಿಗೆ ಸತ್ಕಾರ. ಆಮೇಲೆ ಮುದುಕ ತನ್ನ ಹಿತ್ತಾಳೆಯ ಬಿಲ್ಲೆಯನ್ನು ಮಕ್ಕಳ ಮುಂದೆ ಆಸಿಫನ ಅಂಗಿಗೆ ಸಿಗಿಸಬೇಕು. ಸುದ್ದಿ ಕೇಳಿದ ದಿನ ಹುಸೇನಪೀರ ಬಿಲ್ಲೆಯನ್ನು ಎರಡೆರಡು ಸಲ ತಿಕ್ಕಿದ. ಅರ್ಷದ ಅದನ್ನು ನೋಡಿ ಎದ್ದು ಹೊರಗೆ ಹೋದ.

ನಜಮಾ ಅದನ್ನೂ ನೋಡಿದಳು. ಮರುದಿನ ಆಸಿಫನ ಡಬ್ಬಿ ತಾನೇ ಕಟ್ಟಿದಳು. ರೊಟ್ಟಿ, ಶೇಂಗಾ ಚಟ್ನಿ, ಕೆಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಕಾಗದ.

ಮಧ್ಯಾಹ್ನ ಶಾಲೆಯ ಆವರಣದಲ್ಲಿ ಬಸ್ಸು ಖಾಲಿ ನಿಂತಿತ್ತು. ಆಸಿಫ ಬಸ್ಸಿನ ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚಿದ. ನಜಮಾ ಒಳಗೆ ಸೀಟು ಒರೆಸುತ್ತಿದ್ದಳು. ಬೆನ್ನು ತಿರುಗಿಸಿದ್ದರೂ, ಡಬ್ಬಿಯ ಮುಚ್ಚಳ ಕೆಳಗೆ ಬಿದ್ದ ಸಪ್ಪಳಕ್ಕೇ ಅವಳಿಗೆ ಗೊತ್ತಾಯಿತು.

"ಭಾಬಿ..."

"ಉಣ್ಣು. ಚಟ್ನಿಗೆ ಉಪ್ಪು ಬರೋಬ್ಬರಿ ಐತಿಲ್ಲೋ?"

"ಭಾಬಿ, ನಿಮ್ಮ ಕಾಲಿಗೆ ಬೀಳ್ತೇನಿ. ಅವತ್ತ ಹೇಳಬೇಕಂತs ಮಾಡಿದ್ದೆ. ಅಬ್ಬಾ ಮೊದಲs ಹೇಳಿಬಿಟ್ರು. ನಿಂಗಣ್ಣ ಕಾಕಾ ನನ್ನ ಹೆಗಲ ಮ್ಯಾಲೆ ಕೈ ಇಟ್ಟು, ಹಂಗಾರ ನೀ ಬಾ ಅಂದ್ರು. ನನಗ ಬಾಯಿ ಬರಲಿಲ್ಲ."

"ಈಗ ಬಂತು ನೋಡು."

"ರೂಬಿಗೆ ಮೂರು ತಿಂಗಳು. ಯಾರಿಗೂ ಹೇಳಿಲ್ಲ ಇನ್ನ."

ನಜಮಾಳ ಕೈಯಲ್ಲಿನ ಬಟ್ಟೆ ಒಂದು ಗಳಿಗೆ ನಿಂತಿತು. ಒಂದೇ ಗಳಿಗೆ. ಕಣ್ಣ ಮುಂದೆ ಬಂದದ್ದು ರೂಬಿಯ ಹೊಟ್ಟೆಯಲ್ಲ, ಗಂಡನ ರೆಪ್ಪೆಯ ಮೇಲಿನ ಧೂಳು.

"ಶನಿವಾರ ಮಾಮಾ ನಿನ್ನ ಅಂಗಿಗೆ ಬಿಲ್ಲೆ ಸಿಗಸೂಕಿಂತ ಮೊದಲ ನೀನs ಹೇಳು. ಎಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದೆ, ಅಲ್ಲೇ ಬಾಯಿ ತಗಿ. ಇಲ್ಲಾಂದ್ರ ನಾ ತಗೀತೇನಿ."

"ಭಾಯಿಗೆ ನೌಕರಿ ಬರ್ತದೇನು ಇದರಿಂದ?"

"ಬರಂಗಿಲ್ಲ."

"ಮತ್ಯಾಕ ಭಾಬಿ?"

"ನಿನಗ ಹೋಗಲಿ ಅಂತ," ಅಂದಳು ನಜಮಾ, ಮುಂದಿನ ಸೀಟು ಒರೆಸಲು ಹೋದಳು.

ಶನಿವಾರ ಶಾಲೆಯ ಅಂಗಳದಲ್ಲಿ ಪೆಂಡಾಲು. ಮುಂದಿನ ಸಾಲಿನಲ್ಲಿ ದಸ್ತಗೀರಬಿ, ಅವಳ ಪಕ್ಕದಲ್ಲಿ ಆ ಬುರ್ಖಾದಲ್ಲೇ ರೂಬಿ. ಅರ್ಷದ ಕ್ವಾರಿಗೆ ರಜೆ ಹಾಕಲಿಲ್ಲ, ಬರಲೂ ಇಲ್ಲ. ಹುಸೇನಪೀರ ಬಿಳಿ ಟೋಪಿ ಹಾಕಿ, ಹೆಗಲ ಮೇಲೆ ಶಾಲು ಹೊತ್ತು ನಿಂತಿದ್ದ. ನಿಂಗಣ್ಣ ಮೈಕು ಹಿಡಿದು, "ಇಂಥಾ ತಂದಿಗೆ ಇಂಥಾ ಮಗ," ಅಂದ. ಮಕ್ಕಳು ಚಪ್ಪಾಳೆ ತಟ್ಟಿದರು. ಮುದುಕ ಬಿಲ್ಲೆಯ ಪಿನ್ನು ಬಿಚ್ಚಿದ.

ಆಸಿಫ ನೆಲ ನೋಡುತ್ತ ನಿಂತಿದ್ದ. ತುಟಿಗಳು ಅಲುಗಿದವು. ಮಾತು ಹೊರಡಲಿಲ್ಲ. ಎರಡನೆಯ ಸಲವೂ ಹೊರಡಲಿಲ್ಲ, ಹೇಡಿ!

ನಜಮಾ ಆಯಾಗಳ ಸಾಲಿನಿಂದ ಎದ್ದಳು. ಅವಸರ ಮಾಡಲಿಲ್ಲ. ವೇದಿಕೆಯ ಮೂರು ಮೆಟ್ಟಿಲು ಹತ್ತಿ, ಫೋಟೋದ ಇನ್ನೊಂದು ಪ್ರಿಂಟನ್ನು ಮಾವನ ಕೈಗೆ ಕೊಟ್ಟಳು. "ಮಾಮಾ, ಚಸಮಾ ಹಾಕ್ಕೊಂಡು ನೋಡ್ರಿ. ತಾರೀಖು ಕೆಳಗ ಐತಿ. ಅವತ್ತ ನಿಮ್ಮ ದೊಡ್ಡ ಮಗ ಸೋಲಾಪುರದಾಗ ಇದ್ದ."

ಹುಸೇನಪೀರ ಚಸಮಾ ಹಾಕಿದ. ಫೋಟೋ ನೋಡಿದ. ತಲೆ ಎತ್ತಿ ಮುಂದಿನ ಸಾಲು ನೋಡಿದ. ರೂಬಿ ಎದ್ದು ಹೊರಡಲು ತಿರುಗಿದ್ದಳು. ಬೆನ್ನ ಮೇಲಿನ ಕೆಂಪು ಪಟ್ಟಿ ಪೆಂಡಾಲಿನ ಸಂದಿಯಿಂದ ಬಿದ್ದ ಮಧ್ಯಾಹ್ನದ ಬಿಸಿಲಿಗೆ ಎದ್ದು ಕಂಡಿತು. ಮುದುಕ ಮತ್ತೆ ಫೋಟೋ ನೋಡಿದ.

"ಆಸಿಫ, ಇದು ನೀನೇನು?"

"ಹೌದ್ರಿ ಅಬ್ಬಾ."

ನಿಂಗಣ್ಣ ಮೈಕು ಆರಿಸಲು ಕೈ ಹಾಕಿದ. ಹುಸೇನಪೀರ ಆ ಕೈ ಸರಿಸಿದ. ಎರಡು ತಿಂಗಳ ಹಿಂದೆ ಯಾವ ದನಿಯಲ್ಲಿ ಹೇಳಿದ್ದನೋ ಅದೇ ದನಿಯಲ್ಲಿ ಹೇಳಿದ: "ನಿಂಗಣ್ಣಾ, ಅವತ್ತ ನಾ ಹೇಳಿದ್ದು ತಪ್ಪಾಗೇತಿ. ಆ ಸ್ಪೀಡಿಂದು ದೊಡ್ಡಾವಂದಲ್ಲ. ಸಣ್ಣಾವಂದು. ಇವನ್ನ ಮಕ್ಕಳ ಬಸ್ಸಿನಿಂದ ಇಳಸು."

ಇಡೀ ಅಂಗಳಕ್ಕೆ ಕೇಳಿಸಿತು. ಮುದುಕ ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡು, ಶಾಲನ್ನು ಕುರ್ಚಿಯ ಮೇಲೆ ಇಟ್ಟು, ಮೆಟ್ಟಿಲು ಇಳಿದ. ಮೂರನೆಯ ಮೆಟ್ಟಿಲಿಗೆ ಕಾಲು ತಡವರಿಸಿತು. ಹಿಡಿಯಲು ಬಂದ ಆಸಿಫನ ಕೈಯನ್ನು ಮುಟ್ಟಗೊಡಲಿಲ್ಲ.

ಸಂಜೆ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ದಸ್ತಗೀರಬಿ ನಜಮಾಳ ಮೇಲೆ ಹರಿಹಾಯ್ದಳು. "ಮನಿ ಮಾತು ಮನ್ಯಾಗ ಹೇಳಬೇಕಿತ್ತು! ಊರ ಮುಂದ ಮುದುಕನ ಮಾನ ಕಳದಿ!"

"ಮನ್ಯಾಗ ಹೇಳಿದ್ರ ನೀವು ಇನ್ನೊಮ್ಮೆ ಶಿರಾ ಮಾಡಿ ಮುಚ್ಚಿಬಿಡ್ತಿದ್ರಿ ಅಮ್ಮಾ."

"ರೂಬಿಗೆ ಮೂರು ತಿಂಗಳಂತ, ಈಗ ಹೇಳಿದ್ಲು. ಬಸುರಿ ಹೆಂಗಸಿನ ಅನ್ನಾ ಕಸಗೊಂಡೆಲ್ಲs!"

"ನನ್ನ ಗಂಡನ ಅನ್ನಾ ಕಸಗೊಂಡಾಗ ಯಾರೂ ಹಿಂಗ ಚೀರಲಿಲ್ಲ."

ಅರ್ಷದ ಬಾಗಿಲಲ್ಲಿ ನಿಂತಿದ್ದ. ಕ್ವಾರಿಯಿಂದ ಬಂದವನು ಕಾಲು ಸಹ ತೊಳೆದಿರಲಿಲ್ಲ. "ನಿಂಗಣ್ಣ ಕಾಕಾ ಫೋನ್ ಮಾಡಿದ್ರು," ಅಂದ. "ಆ ದಂಡ ನನ್ನ ಹೆಸರಿಗೇ ಇರ್ತದಂತ, ಕಟ್ಟೇವಲ್ಲ. ಆಡಳಿತದವ್ರು ಒಪ್ಪಂಗಿಲ್ಲಂತ. ಸೋಮವಾರದಿಂದ ರಾಜೇಶ ಅಂತ ಯಾರೋ ಬರ್ತಾನಂತ." ಹೆಂಡತಿಯ ಕಡೆ ನೋಡಿದ. "ಇಷ್ಟೆಲ್ಲ ಮಾಡಿದೆ. ನಮಗೇನು ಬಂತು ನಜಮಾ?"

ನಜಮಾ ಉತ್ತರ ಕೊಡುವ ಮೊದಲು ಹುಸೇನಪೀರ ಹೊರಸಿನಿಂದ ಎದ್ದ. ದೊಡ್ಡ ಮಗನ ಮುಂದೆ ಬಂದು ನಿಂತ. "ಅರ್ಷದ, ನಿನ್ನ ಒಂದು ಮಾತು ಕೇಳದs ನಿಂಗಣ್ಣನ ಮುಂದ ಹೇಳಿಬಿಟ್ಟೆ. ಹಡದ ಮಗನ್ನ ಕೇಳಲಿಲ್ಲ. ನಂದು ತಪ್ಪಾತಪ್ಪಾ." ಮುದುಕನ ಕಣ್ಣಲ್ಲಿ ನೀರು ಬಂತು. ಅರ್ಷದ ತಂದೆಯ ಕೈ ಹಿಡಿದುಕೊಂಡು ಚಿಕ್ಕ ಹುಡುಗನ ಹಾಗೆ ಅತ್ತ.

"ಇದು ಬಂತು," ಅಂದಳು ನಜಮಾ, ಒಲೆ ಹೊತ್ತಿಸಲು ಒಳಗೆ ಹೋದಳು.

ಮುಂದಿನ ವಾರದಿಂದ ಅಣ್ಣತಮ್ಮ ಇಬ್ಬರೂ ಒಂದೇ ಕ್ವಾರಿಗೆ ಹೋಗತೊಡಗಿದರು. ಅರ್ಷದ ಟ್ರ್ಯಾಕ್ಟರಿಗೆ, ಆಸಿಫ ಕಲ್ಲು ಏರಿಸಲು. ಇಬ್ಬರೂ ಒಂದೇ ಬಣ್ಣದ ಧೂಳು ಹೊತ್ತು ಬಂದು ಒಂದೇ ನಳದಲ್ಲಿ ತೊಳೆದುಕೊಳ್ಳುತ್ತಿದ್ದರು, ಮಾತಿಲ್ಲ. ಮೊಳೆಗೆ ಬಿಲ್ಲೆ ಮರಳಿ ಬರಲಿಲ್ಲ. ಮುದುಕ ಅದನ್ನೆಲ್ಲಿಟ್ಟನೋ ಯಾರೂ ಕೇಳಲಿಲ್ಲ. ತಿಂಗಳ ಪಗಾರ ತರುವವಳು ಮನೆಯಲ್ಲಿ ಈಗ ನಜಮಾ ಒಬ್ಬಳೇ. ಬಸ್ಸಿನಲ್ಲಿ ರಾಜೇಶನ ಹಿಂದೆ ಕೂತು, "ಎಷ್ಟು ಹೊಂಟೈತಿ ತಮ್ಮಾ?" ಎಂದು ಕೇಳುವುದು ಆಕೆಗೆ ರೂಢಿಯಾಗಿಬಿಟ್ಟಿತ್ತು.

ಒಂದು ರವಿವಾರ ಮಷೀನಿನ ಮುಂದೆ ಕೂತಾಗ ರೂಬಿ ಬಂದಳು. ಹೊಟ್ಟೆ ಸ್ವಲ್ಪ ಕಾಣುತ್ತಿತ್ತು. ಕೈಯಲ್ಲಿ ಮಡಿಸಿದ ಬುರ್ಖಾ. ನಿಂತೇ ಇದ್ದಳು, ಕೂಡಲಿಲ್ಲ.

"ಭಾಬಿ, ಇದನ್ನ ಹಾಕ್ಕೊಂಡು ಹೊರಗ ಹೋಗಾಕ ಆಗವಲ್ದು. ಎಲ್ಲಾರೂ ಹಿಂದಿಂದ ನೋಡ್ತಾರ. ಈ ಕೆಂಪು ಪಟ್ಟಿ ಬಿಚ್ಚಿ ಕರೀದು ಹಚ್ಚಿ ಕೊಡ್ರಿ." ದನಿ ಒಡೆಯಿತು. "ಕೂಲಿ ಕೊಡ್ತೇನಿ."

ನಜಮಾ ಬುರ್ಖಾ ಬಿಡಿಸಿ ಮೊಳಕಾಲ ಮೇಲೆ ಹರವಿಕೊಂಡಳು. ಕರಿ ಪಟ್ಟಿಯ ಹೊಸ ಸುರುಳಿ ಡ್ರಾವರಿನಲ್ಲೇ ಇತ್ತು. ಕೆಂಪು ಪಟ್ಟಿಯ ಉದ್ದಕ್ಕೂ ಬೆರಳಾಡಿಸಿ ನೋಡಿದಳು. ಒಂದು ಕಡೆ ಹೊಲಿಗೆ ಸಡಿಲಾಗಿ, ನಾಲ್ಕು ಬೆರಳಷ್ಟು ಬಿಚ್ಚಿಕೊಂಡಿತ್ತು.

ಮಷೀನಿಗೆ ಕೆಂಪು ದಾರ ಏರಿಸಿದಳು. ಬಿಚ್ಚಿದಷ್ಟನ್ನು ಹೊಲಿದು, ಮೇಲೆ ಇನ್ನೊಂದು ಹೊಲಿಗೆ ಹಾಕಿ ಗಟ್ಟಿ ಮಾಡಿ, ದಾರವನ್ನು ಹಲ್ಲಿನಿಂದ ಕಡಿದು, ಮಡಿಸಿ ರೂಬಿಯ ಕೈಗೆ ಕೊಟ್ಟಳು.

"ಕೂಲಿ ಬ್ಯಾಡ," ಅಂದಳು. "ಇನ್ನ ಬಿಚ್ಚಂಗಿಲ್ಲ ಅದು."